ಗುಂಯ್‌ಗುಡದ ಕೋಣೆ

೧

ಎಲ್ಲಿಂದ ಶುರು ಮಾಡಲಿ? ಹೀಗೆ ಕೇಳಿ ಶುರು ಮಾಡುವ ಕಥೆಗಾರರನ್ನು ಕಂಡರೆ ನನಗೂ ಆಗುವುದಿಲ್ಲ. ಊಟಕ್ಕೆ ಕರೆದು, ತಟ್ಟೆ ಮುಂದಿಟ್ಟು, ಆಮೇಲೆ ‘ಏನು ಮಾಡಲಿ?’ ಅನ್ನುವವರ ಜಾತಿ ಅದು. ಆದರೂ ಕೇಳುತ್ತಿದ್ದೇನೆ. ಈ ಕಥೆಯನ್ನು ಈಗಾಗಲೇ ಮೂರು ಸಲ ಶುರು ಮಾಡಿ ಮೂರು ಸಲವೂ ಕೈಬಿಟ್ಟಿದ್ದೇನೆ.

ಮೊದಲ ಕರಡಿನ ಮೊದಲ ವಾಕ್ಯ ಇದು: “ಹದಿಮೂರು ಅಡಿ ಉದ್ದದ ಕೋಣೆಯೊಂದರಲ್ಲಿ ನಲವತ್ತಮೂರು ಹರ್ಟ್ಸ್‌ನ ಸದ್ದು ಗೋಡೆಯಿಂದ ಗೋಡೆಗೆ ಬಡಿದು, ಮೂಲೆಗಳಲ್ಲಿ ಗುಂಯ್‌ಗುಟ್ಟಿ, ನಟ್ಟನಡುವೆ ಮಾತ್ರ ಸತ್ತುಹೋಗುತ್ತದೆ.” ವಿಜ್ಞಾನ ಸರಿಯಾಗಿದೆ. ಆದರೆ ಎರಡನೆಯ ವಾಕ್ಯ ಬರುವ ಹೊತ್ತಿಗೆ ನೀವು ಎದ್ದು ನೀರು ಕುಡಿಯಲು ಹೋಗಿರುತ್ತೀರಿ.

ಎರಡನೆಯ ಕರಡು ಆಸ್ಪತ್ರೆಯಿಂದ ಶುರುವಾಗುತ್ತಿತ್ತು. ಮುದುಕರೊಬ್ಬರ ಸಾವನ್ನು ಬಾಗಿಲಲ್ಲಿ ತೋರಣದ ಹಾಗೆ ಕಟ್ಟಿ ಓದುಗರನ್ನು ಒಳಗೆ ಕರೆಯುವುದು ಅಸಹ್ಯ ಅನ್ನಿಸಿತು. (ನೋಡಿ, ಹೇಳಿಯೇಬಿಟ್ಟೆ. ಹೌದು, ಅವರು ಸಾಯುತ್ತಾರೆ. ಅದನ್ನು ಗುಟ್ಟಾಗಿಟ್ಟು ನಿಮ್ಮನ್ನು ಕೊನೆಯವರೆಗೆ ಎಳೆದೊಯ್ಯುವ ಆಸೆ ನನಗಿಲ್ಲ.)

ಮೂರನೆಯ ಕರಡು ಪೂರ್ತಿಯಾಗಿತ್ತು. ಅದರಲ್ಲೊಂದು ಸುಳ್ಳಿತ್ತು. ಅದರ ವಿಷಯಕ್ಕೆ ಬರುತ್ತೇನೆ. ಮೊದಲು ಜನರ ಪರಿಚಯವಾಗಲಿ.

೨

ಅವಳನ್ನು ಎಲ್ಲರೂ ಕಿವಿಯಕ್ಕ ಅನ್ನುತ್ತಾರೆ. ಹಾಡುವವರು, ತಬಲದವರು, ಜಾಹೀರಾತಿಗೆ ದನಿ ಕೊಡುವವರು, ಎಲ್ಲರೂ. ವಯಸ್ಸು ನಲವತ್ತೊಂದು. ಪಕ್ಕದ ಕೋಣೆಯಲ್ಲಿ ಯಾರಾದರೂ ಉಗುಳು ನುಂಗಿದರೆ ‘ಗಂಟಲು ಒಣಗಿದೆ, ಬಿಸಿನೀರು ಕೊಡಿ’ ಅನ್ನುವಷ್ಟು ಸೂಕ್ಷ್ಮ ಕಿವಿ. ಊರಿನ ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಹಾಡುಗಳ ಸದ್ದು ಹದ ಮಾಡುತ್ತ ಹದಿನಾರು ವರ್ಷ ದುಡಿದು, ಅದು ಮುಚ್ಚಿದ ಮೇಲೆ ಮನೆಯ ಕೆಳಗಿನ ಕೋಣೆಯಲ್ಲೇ ಮೇಜು, ಸ್ಪೀಕರು, ಮೈಕು ಜೋಡಿಸಿಕೊಂಡು ಕೂತಿದ್ದಳು.

ಮಹಡಿಯ ಮೇಲೆ ಅವಳ ಅಪ್ಪ. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಮೆಷಿನ್ ಓಡಿಸಿದವರು. ಆ ಯಂತ್ರ ಅವರ ಬೆರಳನ್ನೇನೂ ತಿನ್ನಲಿಲ್ಲ, ಕಿವಿಯನ್ನು ತಿಂದಿತು. ನಿವೃತ್ತಿಯ ಹೊತ್ತಿಗೆ ಮಗಳ ಮಾತು ಕೂಡ ಅವರಿಗೆ ಬರೀ ತುಟಿಯ ಆಟ. ಕಿವಿಯ ಮಿಷನ್ನು ಹಾಕಿಕೊಳ್ಳಿ ಅಂದರೆ, “ಅದು ಹಾಕಿದ್ರೆ ಚಮಚಗಳೆಲ್ಲ ಕಿರುಚ್ತವೆ, ಮನುಷ್ಯರು ಮಾತ್ರ ಗೊಣಗ್ತಾರೆ” ಎಂದು ಡ್ರಾಯರಿನಲ್ಲಿ ಹಾಕಿಟ್ಟಿದ್ದರು. ಮಗಳು ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆಯುತ್ತಿದ್ದಳು. ಅವರು ಓದಿ, ಅಕ್ಷರ ತಪ್ಪಿದ್ದರೆ ತಿದ್ದಿ, ಆಮೇಲೆ ಉತ್ತರ ಹೇಳುತ್ತಿದ್ದರು.

ದಿನವಿಡೀ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬರಿಗಾಲನ್ನು ನೆಲಕ್ಕೂರಿ ಕೂರುತ್ತಿದ್ದರು. ಚಳಿಗಾಲದಲ್ಲೂ ಚಪ್ಪಲಿ ಹಾಕುತ್ತಿರಲಿಲ್ಲ. ಮಗಳು ಬೈದು ಚೀಟಿ ಬರೆದರೆ, ‘ಶೀತ’ದ ದೀರ್ಘ ಸರಿಯಾಗಿದೆಯೋ ನೋಡಿ ವಾಪಸು ಕೊಡುತ್ತಿದ್ದರು.

ಗೋಡೆಯಾಚೆಗಿನ ಮನೆಯಲ್ಲಿ ನರ್ಸಕ್ಕ. ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಎರಡು ಮನೆಗೂ ನಡುವೆ ಒಂದೇ ಗೋಡೆ.

ಇಷ್ಟೇ ಜನ. ಮೇಸ್ತ್ರಿ ಒಬ್ಬರು ಬರುತ್ತಾರೆ. ಆಮೇಲೆ ನಾನು.

೩

ತೊಂದರೆ ಏನೆಂದರೆ ಆ ಕೋಣೆ ಸುಳ್ಳು ಹೇಳುತ್ತಿತ್ತು.

ಕಿವಿಯಕ್ಕನ ಮೇಜು ಕೋಣೆಯ ನಟ್ಟನಡುವೆ ಇತ್ತು. ತಳದ ಸದ್ದು, ಅಂದರೆ ಕಿವಿಗಿಂತ ಹೊಟ್ಟೆಗೆ ಹೆಚ್ಚು ತಿಳಿಯುವ ಸದ್ದು, ಅಲ್ಲಿಗೆ ಬರುವಷ್ಟರಲ್ಲಿ ಸೊನ್ನೆಯಾಗುತ್ತಿತ್ತು. ಕೇಳಿಸುತ್ತಿಲ್ಲ ಎಂದು ಅವಳು ಏರಿಸುತ್ತಿದ್ದಳು. ಅದೇ ಹಾಡನ್ನು ಹೊರಗೆ ಕಾರಿನಲ್ಲಿ ಹಾಕಿದರೆ ಬಾಗಿಲು ನಡುಗುತ್ತಿತ್ತು. “ಇದು ಹಾಡೋ, ರೋಡ್ ರೋಲರೋ?” ಎಂದು ಒಬ್ಬ ಸಂಗೀತ ನಿರ್ದೇಶಕ ವಾಪಸು ಕಳಿಸಿದ. ಕಿವಿಯಕ್ಕನಿಗೆ ಹೆಸರು ತಂದುಕೊಟ್ಟದ್ದೇ ಕಿವಿ. ಆ ಕಿವಿಯ ಮೇಲೆ ಅನುಮಾನ ಬಂದರೆ ಉಳಿಯುವುದೇನು?

ಅದೇ ವಾರ ನರ್ಸಕ್ಕ ಬಾಗಿಲು ತಟ್ಟಿದರು. ಕಣ್ಣು ಕೆಂಪಗಿದ್ದವು.

“ನಿಮ್ಮ ಹಾಡು ಕೇಳಿಸಿದ್ರೆ ಬೇಜಾರಿಲ್ಲ ಕಣ್ರೀ. ಹಾಡು ಕೇಳಿಸಲ್ಲ. ಬರೀ ಧಮ್ ಧಮ್ ಅಂತ ಹಾಸಿಗೆಗೆ ಬಂದು ಒದೆಯುತ್ತೆ. ನಿದ್ದೆಗೆಟ್ಟು ಹೋಗಿ ನಾನು ಯಾರಿಗಾದ್ರೂ ತಪ್ಪು ಇಂಜೆಕ್ಷನ್ ಕೊಟ್ರೆ?”

ಕಿವಿಯಕ್ಕ ತಪ್ಪಾಯಿತು ಅಂದಳು. ನಿಜವಾಗಿಯೂ ತಪ್ಪು ಅನ್ನಿಸಿತ್ತು.

ಮೇಸ್ತ್ರಿ ಬಂದರು. ಮರಗೆಲಸದವರು, ಮುಚ್ಚಿಹೋದ ಆ ಸ್ಟುಡಿಯೋವನ್ನು ಕಟ್ಟಿದವರು. ಗೋಡೆಗೆ ಅಂಟಿಸಿದ್ದ ಸ್ಪಂಜಿನ ಹಾಳೆಗಳನ್ನು ನೋಡಿ ನಕ್ಕರು. “ಅಕ್ಕಾ, ಇದು ಸೀಟಿ ಹೊಡೆಯೋರನ್ನ ತಡೆಯುತ್ತೆ ಅಷ್ಟೇ. ತಳದ ಸದ್ದು ಬೇಡದ ನೆಂಟ ಇದ್ದ ಹಾಗೆ. ಬಾಗಿಲು ಹಾಕಿದ್ರೆ ಗೋಡೆ ಹಿಡ್ಕೊಂಡು ಬರ್ತಾನೆ.” ಎರಡು ಕೆಲಸ ಬೇರೆ ಬೇರೆ ಎಂದು ಬೆರಳು ಮಡಿಸಿ ಹೇಳಿದರು: ಒಳಗಿನ ಗುಂಯ್‌ಗಾಟವನ್ನು ಹೀರಿಕೊಳ್ಳುವುದು ಒಂದು, ಹೊರಗೆ ಹೋಗದಂತೆ ಕಟ್ಟಿಹಾಕುವುದು ಇನ್ನೊಂದು. ಮೊದಲನೆಯದಕ್ಕೆ ನಾಲ್ಕೂ ಮೂಲೆಗೆ ನೆಲದಿಂದ ಸೂರಿನವರೆಗೆ ಒಂದೂವರೆ ಅಡಿ ದಪ್ಪ, ಸದ್ದು ಹೀರುವ ಕಲ್ಲುಣ್ಣೆಯ ಕಂಬ. ಎರಡನೆಯದಕ್ಕೆ ಕೋಣೆಯೊಳಗೆ ಇನ್ನೊಂದು ಕೋಣೆ: ರಬ್ಬರಿನ ಮೇಲೆ ತೇಲುವ ನೆಲ, ಹಳೆಯ ಗೋಡೆಯನ್ನು ಎಲ್ಲಿಯೂ ಮುಟ್ಟದ ಹೊಸ ಗೋಡೆ, ಸ್ಪ್ರಿಂಗಿಗೆ ನೇತುಬಿದ್ದ ಸೂರು, ಒಂದರ ಹಿಂದೆ ಒಂದು ಎರಡು ಬಾಗಿಲು.

“ಒಂದೇ ಒಂದು ಮೊಳೆ ಎರಡು ಗೋಡೆಗೂ ತಾಗಿದ್ರೂ ಕೆಲಸ ಕೆಟ್ಟ ಹಾಗೆ,” ಅಂದರು ಮೇಸ್ತ್ರಿ.

ಎರಡೂವರೆ ತಿಂಗಳಾಯಿತು. ಗೋಡೆಯ ಕೊನೆಯ ಹಲಗೆ ಮುಚ್ಚುವ ಮುಂಚೆ ಮೇಸ್ತ್ರಿ ಒಂದು ಮಾತು ಹೇಳಿದರು: “ಮೇಲೆ ಒಂದು ಸ್ವಿಚ್ಚು, ಇಲ್ಲೊಂದು ಕೆಂಪು ಬಲ್ಬು ಹಾಕಿಬಿಡೋಣ್ವಾ ಅಕ್ಕಾ? ಯಜಮಾನ್ರಿಗೆ ಏನಾದ್ರೂ ಬೇಕಾದ್ರೆ ಒತ್ತಬಹುದು. ಬೆರಳಗಲದ ತೂತು ಸಾಕು. ಸುತ್ತ ಸೀಲ್ ಮಾಡ್ಕೊಡ್ತೀನಿ.”

ಅವಳು ಹೊಚ್ಚಹೊಸ ಗೋಡೆಯನ್ನು ನೋಡಿದಳು. ತೂತಿಲ್ಲದ, ನುಣ್ಣನೆಯ ಗೋಡೆ.

“ಆಮೇಲೆ ನೋಡೋಣ ಮೇಸ್ತ್ರಿ,” ಅಂದಳು.

೪

(ಇಲ್ಲಿ ಕಿವಿಯಕ್ಕ ಅಡ್ಡಿಪಡಿಸುತ್ತಾಳೆ. ಅವಳು ನಾನು ಕಟ್ಟಿದ ಪಾತ್ರವಲ್ಲ, ಫೋನ್ ನಂಬರಿರುವ ಹೆಂಗಸು. ಇಲ್ಲಿಯವರೆಗಿನದನ್ನು ಕಳಿಸಿದ್ದೆ. “ನುಣ್ಣನೆಯ ಗೋಡೆ ಅಂತ ಚೆಂದ ಮಾಡ್ಬೇಡಿ ಸರ್. ತೂತು ಬಿದ್ರೆ ಸದ್ದು ಸೋರುತ್ತೆ ಅಂತ ಬೇಡ ಅಂದೆ. ಅಷ್ಟೇ. ಅಷ್ಟನ್ನೇ ಬರೀರಿ.” ಬರೆದಿದ್ದೇನೆ.)

೫

ಪರೀಕ್ಷೆಯ ದಿನ ಅವಳು ಒಳಗೆ ನಲವತ್ತಮೂರು ಹರ್ಟ್ಸ್ ಹಾಕಿ ದನಿ ಏರಿಸಿದಳು. ಮೂಲೆಗೆ ಹೋಗಿ ನಿಂತಳು, ನಡುವೆ ನಿಂತಳು. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕೋಣೆ ಕೊನೆಗೂ ನಿಜ ಹೇಳತೊಡಗಿತ್ತು. ಮೇಸ್ತ್ರಿ ಎರಡೂ ಬಾಗಿಲು ಎಳೆದುಕೊಂಡು ಮಹಡಿಗೆ ಹೋದರು. ನೆಲಕ್ಕೆ ಅಂಗೈ ಇಟ್ಟು ನೋಡಿದರು, ಗೋಡೆಗೆ ಕಿವಿ ಕೊಟ್ಟರು. ಕುರ್ಚಿಯಲ್ಲಿದ್ದ ಅಪ್ಪನಿಗೆ ಕೈಸನ್ನೆಯಲ್ಲಿ ಕೇಳಿದರು: ಏನಾದರೂ ಗೊತ್ತಾಗುತ್ತಿದೆಯೇ?

ಅಪ್ಪ ಕಾಲನ್ನು ನೆಲದ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದರು. “ಇಲ್ಲ. ನಿಂತುಹೋಯ್ತು,” ಅಂದರು.

ಮೇಸ್ತ್ರಿ ಸಂತೋಷದಿಂದ ಇಳಿದು ಬಂದರು. “ಸೊನ್ನೆ ಅಕ್ಕಾ! ಯಜಮಾನ್ರು ನಿಂತುಹೋಯ್ತು ಅಂದ್ರು.” ಅಂದು ಅಪ್ಪನ ಮುಖ ಹೇಗಿತ್ತು ಎಂದು ನಾನು ತಿಂಗಳುಗಳ ನಂತರ ಕೇಳಿದೆ. ಮೇಸ್ತ್ರಿ ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. “ಮುಖ ನೋಡ್ಲಿಲ್ಲ ಸರ್. ನಾನು ಕೆಲಸ ನೋಡ್ತಿದ್ದೆ.”

ಅದರ ಮಾರನೆಯ ದಿನದಿಂದ ಅಪ್ಪ ಮೆಟ್ಟಿಲಿಳಿದು ಬರತೊಡಗಿದರು. ಮೊದಲ ಬಾಗಿಲು ತೆರೆದು, ಎರಡನೆಯದನ್ನು ತೆರೆದು, ತಲೆ ಹಾಕಿ ನೋಡುವುದು. ಒಳಗೆ ಯಾರೋ ಹಾಡುತ್ತಿರುತ್ತಿದ್ದರು. ಟೇಕು ಕೆಡುತ್ತಿತ್ತು. ಕಿವಿಯಕ್ಕ ಚೀಟಿ ಹಿಡಿಯುತ್ತಿದ್ದಳು: ಏನು ಬೇಕಪ್ಪಾ?

“ಏನಿಲ್ಲ. ಇದ್ದೀಯಾ ಅಂತ ನೋಡಿದೆ.”

ದಿನಕ್ಕೆ ಎರಡು ಸಲ, ಮೂರು ಸಲ. ಎಂಟನೆಯ ದಿನ ಒಬ್ಬ ಗಾಯಕಿ ಎಷ್ಟೋ ಪ್ರಯತ್ನದ ಮೇಲೆ ಒಂದು ಕಷ್ಟದ ಸಾಲನ್ನು ಹಿಡಿದಿದ್ದಾಗ ಬಾಗಿಲು ತೆರೆಯಿತು. ಕಿವಿಯಕ್ಕ ಎದ್ದು ನಿಂತು ಕೂಗಿದಳು. “ಎಲ್ಲಿಗೆ ಹೋಗ್ತೀನಿ ನಾನು? ಇಲ್ಲೇ ಸಾಯ್ತಿರ್ತೀನಿ ಅಂತ ಗೊತ್ತಿಲ್ವಾ ನಿಮಗೆ?”

ಅಪ್ಪನಿಗೆ ಮಾತು ಕೇಳಿಸಲಿಲ್ಲ. ಮುಖ ಕಾಣಿಸಿತು. ಎರಡೂ ಬಾಗಿಲನ್ನು ನಿಧಾನವಾಗಿ, ಸದ್ದಾಗದ ಹಾಗೆ ಎಳೆದುಕೊಂಡು ಹೋದರು. (ಸದ್ದು ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯದ ಮನುಷ್ಯ ಸದ್ದು ಮಾಡದಿರಲು ಪಡುವ ಪಾಡನ್ನು ನೀವು ನೋಡಿದ್ದೀರಾ? ನಾನೂ ನೋಡಿಲ್ಲ. ಅವಳು ಹೇಳಿದ್ದು.) ಆಮೇಲೆ ಅವರು ಬರಲಿಲ್ಲ.

೬

ಈಗ ಮೂರನೆಯ ಕರಡಿನ ಸುಳ್ಳು.

ಅದರಲ್ಲಿ ಅಪ್ಪ ಬಿದ್ದ ದಿನ ಸ್ಟುಡಿಯೋದಲ್ಲಿ ಒಬ್ಬ ಹಾಡುಗಾರನಿದ್ದ. ದಪ್ಪ ಮೀಸೆ, ಜರಿ ಅಂಚಿನ ಶಾಲು, ತನ್ನ ದನಿಗೆ ತಾನೇ ತಲೆದೂಗುವ ಅಭ್ಯಾಸ. ಪಾತ್ರ ಚೆನ್ನಾಗಿ ಬಂದಿತ್ತು. ಅದನ್ನು ಓದಿ ಕಿವಿಯಕ್ಕ ಫೋನ್ ಮಾಡಿದಳು. ಕೇಳಿದಳು:

“ನೀವು ಹಾಡುಗಾರ ಯಾವಾಗ ಆದ್ರಿ ಸರ್?”

ಸರಿ. ಹಾಡುಗಾರ ಇರಲಿಲ್ಲ. ನಾನಿದ್ದೆ. ನನ್ನ ಕಾದಂಬರಿಯೊಂದು ಆಡಿಯೋ ಪುಸ್ತಕವಾಗುತ್ತಿತ್ತು. ನನ್ನ ದನಿಯಲ್ಲೇ ಬರಬೇಕೆಂದು ಹಟ ಹಿಡಿದವನು ನಾನೇ. ಮೀಸೆ ಇಲ್ಲ, ಶಾಲೂ ಇಲ್ಲ. ತಲೆದೂಗುವ ಅಭ್ಯಾಸ ಇದೆ.

ಬೆಳಗ್ಗೆ ಹತ್ತೂವರೆಗೆ ಶುರು ಮಾಡಿದೆವು. ಫೋನುಗಳನ್ನು ಹೊರಗೆ ಚಪ್ಪಲಿಗೂಡಿನ ಮೇಲೆ ಇಡುವುದು ಅವಳ ನಿಯಮ. ನಾನು ಮೈಕಿನ ಮುಂದೆ, ಅವಳು ಹೆಡ್‌ಫೋನ್ ಹಾಕಿಕೊಂಡು ಮೇಜಿನ ಮುಂದೆ. ಆ ಕೋಣೆಯಲ್ಲಿ ಕೂತರೆ ಹೊರಗೊಂದು ಊರಿದೆ ಎಂಬುದೇ ಮರೆತುಹೋಗುತ್ತಿತ್ತು. ನನಗದು ಸುಖವೆನ್ನಿಸಿತು. ನನ್ನ ದನಿ ಇಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಹನ್ನೆರಡಕ್ಕೆ ಅವಳು ಹೆಡ್‌ಫೋನ್ ತೆಗೆದಳು. “ಐದು ನಿಮಿಷ ಸರ್. ಅಪ್ಪನ್ನ ನೋಡ್ಕೊಂಡು ಬರ್ತೀನಿ.”

ನಾನು ಹೇಳಿದೆ: “ಈ ಅಧ್ಯಾಯ ಒಂದು ಮುಗಿಸಿಬಿಡೋಣ ಕಣಮ್ಮ. ಗಂಟಲು ಈಗ ಹದಕ್ಕೆ ಬಂದಿದೆ.”

ಅವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಹೆಡ್‌ಫೋನ್ ಹಾಕಿಕೊಂಡಳು.

ಆ ಅಧ್ಯಾಯದಲ್ಲಿ ಒಬ್ಬ ಹೆಂಗಸು ಒದ್ದೆ ಛತ್ರಿಯನ್ನು ಮಡಿಸುವುದರ ಬಗ್ಗೆ ಅರ್ಧ ಪುಟವಿದೆ. ಅರ್ಧ ಪುಟ! ಅದನ್ನು ನಾನು ನಾಲ್ಕು ಸಲ ಓದಿದೆ. ಪ್ರತಿ ಸಲವೂ ‘ಇನ್ನೂ ಚೆನ್ನಾಗಿ ಬರಬಹುದು’ ಅನ್ನಿಸುತ್ತಿತ್ತು.

ಅಪ್ಪ ಮಹಡಿಯ ಬಚ್ಚಲಿನಲ್ಲಿ ಜಾರಿ ಬಿದ್ದದ್ದು ಹನ್ನೊಂದೂಕಾಲಿನ ಸುಮಾರಿಗೆ.

೭

ಅವರು ಕೂಗಿದರೋ ಇಲ್ಲವೋ ಗೊತ್ತಿಲ್ಲ. ಕೈಗೆ ಸಿಕ್ಕ ಮರದ ಮಣೆಯಿಂದ ನೆಲವನ್ನು ಗುದ್ದಿದರು. ಮೂವತ್ತನಾಲ್ಕು ವರ್ಷ ಯಂತ್ರದೊಂದಿಗೆ ಬದುಕಿದವರಿಗೆ ಗೊತ್ತಿತ್ತು: ಮಾತು ಎಲ್ಲಿಗೂ ಮುಟ್ಟುವುದಿಲ್ಲ, ಗುದ್ದು ಮುಟ್ಟುತ್ತದೆ. ಗುದ್ದು ನೆಲಕ್ಕೆ ಹೋಯಿತು, ಗೋಡೆಗೆ ಹೋಯಿತು, ಹಳೆಯ ಕೋಣೆಯ ಸೂರಿಗೂ ಹೋಯಿತು. ಅಲ್ಲಿಂದ ಹೊಸ ಕೋಣೆಗೆ ದಾಟುವ ದಾರಿಯನ್ನೆಲ್ಲ ಮೇಸ್ತ್ರಿ ಕೈಯಾರೆ ಕಡಿದುಹಾಕಿದ್ದರು. ಹೊರಗೆ ಹೋಗದ ಸದ್ದು ಒಳಗೂ ಬರುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಮೇಸ್ತ್ರಿಯ ಆ ಒಂದು ಸ್ವಿಚ್ಚಿನ ಮಾತು ಬಿಟ್ಟರೆ ಯಾರೂ ಆ ಕಡೆಯಿಂದ ಯೋಚಿಸಿರಲಿಲ್ಲ.

ನರ್ಸಕ್ಕನಿಗೆ ಕೇಳಿಸಿತು. ಅವರ ಮಂಚ ಇರುವುದು ಆ ಬಚ್ಚಲಿನ ಗೋಡೆಗೆ ತಾಗಿ. ಪಾಳಿ ಮುಗಿಸಿ ಮಲಗಿ ಎರಡು ತಾಸಾಗಿತ್ತು. ಕಣ್ಣು ಬಿಡದೆ ಫೋನು ಹುಡುಕಿ ಕಿವಿಯಕ್ಕನಿಗೆ ಮೆಸೇಜು ಹಾಕಿದರು: “ಮತ್ತೆ ಶುರು ಮಾಡಿದ್ರಾ? ಇಷ್ಟೆಲ್ಲಾ ಕಟ್ಟಿದ್ದು ಯಾಕೆ?” ದಿಂಬನ್ನು ಕಿವಿಯ ಮೇಲೆ ಒತ್ತಿ ಹೊರಳಿದರು. ಸಮಯ ಹನ್ನೆರಡು ಇಪ್ಪತ್ತು. ಮೆಸೇಜು ಚಪ್ಪಲಿಗೂಡಿನ ಮೇಲೆ ಬಂದು ಬಿತ್ತು.

ಎಷ್ಟೋ ಹೊತ್ತಿನ ಮೇಲೆ ಅರೆನಿದ್ದೆಯಲ್ಲಿ ಅವರಿಗೆ ಹೊಳೆದದ್ದು ಇದು: ಹಾಡಿಗೆ ತಾಳ ಇರುತ್ತದೆ. ಇದಕ್ಕೆ ತಾಳ ಇಲ್ಲ. ಎರಡು ಗುದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಒಂದು. ಅದೂ ಮೆತ್ತಗೆ.

ಎದ್ದು ಓಡಿದರು. ಫೋನ್ ಮಾಡಿದರು, ಮುಂಬಾಗಿಲು ಬಡಿದರು. ಕೊನೆಗೆ ತಾರಸಿಯ ಮೋಟುಗೋಡೆ ಹತ್ತಿ ಈ ಕಡೆ ಧುಮುಕಿ ಮಹಡಿಯ ಬಾಗಿಲಿನಿಂದ ಒಳಹೊಕ್ಕರು. ಅಪ್ಪನನ್ನು ಕಂಡರು. ಕೆಳಗೆ ಬಂದು ಎರಡು ಬಾಗಿಲನ್ನೂ ತೆರೆದರು. ನಾನು ಛತ್ರಿ ಮಡಿಸುತ್ತಿದ್ದೆ.

“ನಿಮ್ಮಪ್ಪ ಬಿದ್ದಿದ್ದಾರೆ,” ಅಂದರು ನರ್ಸಕ್ಕ. ನೈಟಿಯಲ್ಲಿದ್ದರು, ಮೊಣಕಾಲು ತರಚಿ ರಕ್ತ ಬರುತ್ತಿತ್ತು. “ಬದುಕಿದ್ದಾರೆ. ಬನ್ನಿ.”

ಆಗ ಎರಡಕ್ಕೆ ಹತ್ತು ನಿಮಿಷ.

೮

ಸೊಂಟದ ಮೂಳೆ ಮುರಿದಿತ್ತು. “ಮೂಳೆ ಮುರಿದಿದ್ದು ಬಿದ್ದಾಗ್ಲೇ,” ಅಂದರು ಡಾಕ್ಟರು. “ಆದರೆ ಈ ವಯಸ್ಸಿನಲ್ಲಿ ಒದ್ದೆ ನೆಲದ ಮೇಲೆ ಅಷ್ಟು ಹೊತ್ತು…” ವಾಕ್ಯವನ್ನು ಅವರು ಮುಗಿಸಲಿಲ್ಲ. ನನಗಿಂತ ಒಳ್ಳೆಯ ಕಥೆಗಾರ.

ಐದನೆಯ ದಿನ ಅಪ್ಪ ಚೀಟಿ ಕೇಳದೆ ತಾವಾಗಿಯೇ ಮಾತಾಡಿದರು. ನಾನು ಬಾಗಿಲ ಹತ್ತಿರ ಸೇಬು ಹಿಡಿದು ನಿಂತಿದ್ದೆ.

“ಮೊದಲೆಲ್ಲ ನೀನು ಕೆಲಸಕ್ಕೆ ಕೂತ್ರೆ ಕಾಲಿಗೆ ಗೊತ್ತಾಗ್ತಿತ್ತು ಮಗಾ. ನೆಲ ಗುರ್ ಅನ್ನೋದು, ಮೆಷಿನ್ ಓಡೋ ಹಾಗೆ. ಈಗ ಕೂತಿದ್ದಾಳೆ, ಈಗ ಊಟಕ್ಕೆ ಎದ್ಲು, ಈ ಹಾಡು ಇವಳಿಗೆ ಹಿಡಿಸಿಲ್ಲ, ಮೂರು ಸಲ ನಿಲ್ಲಿಸಿದ್ಲು, ಎಲ್ಲ ಗೊತ್ತಾಗ್ತಿತ್ತು. ಆಮೇಲೆ ನಿಂತುಹೋಯ್ತು. ನೀನು ಹೊರಗೆ ಹೋಗಿದ್ದೀಯೇನೋ ಅಂತ ನೋಡೋಕೆ ಬರ್ತಿದ್ದೆ.”

ಅವಳು ಚೀಟಿ ತೆಗೆದುಕೊಂಡಳು. ಪೆನ್ನು ಹಿಡಿದಳು. ಏನೂ ಬರೆಯಲಾಗಲಿಲ್ಲ. ಅಪ್ಪ ಕಾಯುತ್ತಿದ್ದರು, ತಿದ್ದಲು.

ಇಪ್ಪತ್ತಮೂರನೆಯ ದಿನ ಶ್ವಾಸಕೋಶ ಸೋತಿತು.

೯

ಈಗ ಮುಕ್ತಾಯಗಳು. ನನ್ನ ಹತ್ತಿರ ಎರಡಿದ್ದವು.

ಅ) ಅವಳು ಸುತ್ತಿಗೆ ಹಿಡಿದು ಆ ಕೋಣೆಯ ಗೋಡೆಯನ್ನು ಒಡೆಯುತ್ತಾಳೆ. ಕಲ್ಲುಣ್ಣೆ ಹಾರಾಡುತ್ತದೆ. ಮೇಸ್ತ್ರಿ ಬಂದು ಮಾತಿಲ್ಲದೆ ಇನ್ನೊಂದು ಸುತ್ತಿಗೆ ಎತ್ತಿಕೊಳ್ಳುತ್ತಾರೆ.

“ನಾನು ಯಾವ ಗೋಡೆನೂ ಒಡೀಲಿಲ್ಲ,” ಅಂದಳು ಕಿವಿಯಕ್ಕ. “ಎರಡು ವಾರ ಬಿಟ್ಟು ಕೆಲಸಕ್ಕೆ ಕೂತೆ. ಕೋಣೆ ಬಹಳ ಚೆನ್ನಾಗಿದೆ ಸರ್. ಈಗ ಒಂದು ಹಾಡೂ ವಾಪಸು ಬಂದಿಲ್ಲ. ನಾಚಿಕೆ ಆಗುತ್ತೆ, ಆದ್ರೂ ಅದನ್ನೇ ಬರೀರಿ.”

ಆ) ಮೂವರೂ, ಅಂದರೆ ಅವಳು, ನರ್ಸಕ್ಕ, ನಾನು, ಒಂದು ಮೇಜಿನ ಸುತ್ತ ಕೂತು ನಮ್ಮ ನಮ್ಮ ತಪ್ಪು ಒಪ್ಪಿಕೊಂಡು ಹಗುರಾಗುತ್ತೇವೆ. ಇದನ್ನು ನರ್ಸಕ್ಕನೇ ತಳ್ಳಿಹಾಕಿದರು. “ನಿಮಗೆ ಬಿಡುವಿದೆ, ಕೂತ್ಕೊಳ್ಳಿ. ನಂಗೆ ಪಾಳಿ ಇದೆ.” ಆಮೇಲೆ ತಗ್ಗಿದ ದನಿಯಲ್ಲಿ, “ಆ ಮೆಸೇಜು ಅಳಿಸಿದೀನಿ. ಅವಳ ಫೋನಲ್ಲಿ ಇನ್ನೂ ಇದೆಯಾ ಅಂತ ಕೇಳೋ ಧೈರ್ಯ ಇಲ್ಲ,” ಅಂದರು.

೧೦

ನಿಜವಾಗಿ ನಡೆದದ್ದು ಇದು. ಅಪ್ಪ ಹೋದ ಒಂದೂವರೆ ತಿಂಗಳ ಮೇಲೆ ಪ್ರಕಾಶಕರು ಆ ಅಧ್ಯಾಯ ಕೇಳಿದರು. ಮತ್ತೆ ಓದೋಣವೇ ಎಂದು ಕೇಳಲು ಹೋದೆ. ಮಧ್ಯಾಹ್ನ, ಅವಳು ಅದೇ ಫೈಲನ್ನು ತೆರೆದುಕೊಂಡು ಕೂತಿದ್ದಳು.

“ಓದುವವರ ದನಿಯಲ್ಲಿ ಎಂಬತ್ತು ಹರ್ಟ್ಸ್‌ಗಿಂತ ಕೆಳಗಿನದನ್ನ ಯಾವಾಗ್ಲೂ ಕತ್ತರಿಸಿ ಹಾಕ್ತೀನಿ ಸರ್,” ಅಂದಳು. “ಬರೀ ಕಸ. ಆದರೆ ಮೂಲ ಫೈಲಲ್ಲಿ ಇರುತ್ತೆ. ನೋಡಬೇಕು ಅಂತ ಎಷ್ಟು ದಿನದಿಂದ ಅಂದ್ಕೊಳ್ತಿದ್ದೆ. ಒಬ್ಬಳೇ ಆಗಲಿಲ್ಲ.”

ಅವಳು ತಳ ಕತ್ತರಿಸುವ ಆ ಕತ್ತರಿಯನ್ನು ತೆಗೆದುಹಾಕಿದಳು. ಈಗ ನನ್ನ ದನಿಯನ್ನೇ ಪೂರ್ತಿ ಇಳಿಸಿ ತಳವನ್ನು ಮಾತ್ರ ಉಳಿಸಿದಳು. ದೊಡ್ಡದು ಮಾಡಿದಳು. ಪರದೆಯ ಮೇಲೆ ಒಂದು ಗೆರೆ. ಹನ್ನೊಂದೂಕಾಲು, ಸಪಾಟು. ಹನ್ನೊಂದೂವರೆ, ಸಪಾಟು. ನಿಮಿಷ ನಿಮಿಷವಾಗಿ ಸರಿಸುತ್ತ ಹೋದಳು. ಮೇಸ್ತ್ರಿಯ ಕೆಲಸ ಅಷ್ಟು ಗಟ್ಟಿ. ಮುಕ್ಕಾಲು ಗಂಟೆ ನಾವಿಬ್ಬರೂ ಆ ಗೆರೆಯನ್ನು ನೋಡಿದೆವು.

ಹನ್ನೆರಡು ದಾಟಿ ಮೂರು ನಿಮಿಷಕ್ಕೆ, ಎಂದರೆ ನಾನು ‘ಅಧ್ಯಾಯ ಮುಗಿಸಿಬಿಡೋಣ’ ಅಂದ ತುಸು ಹೊತ್ತಿನಲ್ಲಿ, ಗೆರೆ ಒಂದು ಕಡೆ ಚೂರು ಉಬ್ಬಿತ್ತು. ಅಕ್ಕಿಕಾಳಿನಷ್ಟು. ಅವಳು ಅಲ್ಲಿ ನಿಲ್ಲಿಸಿದಳು. ದನಿ ಏರಿಸಿ ಕೇಳಿಸಿದಳು. ಏನೋ ಇತ್ತು. ಸದ್ದು ಅಂತ ಹೇಳುವ ಹಾಗಿಲ್ಲ. ಯಾರೋ ಎದೆಯ ಮೇಲೆ ಬೆರಳಿಟ್ಟು ತೆಗೆದ ಹಾಗೆ. ಒಂದೇ ಸಲ. ಹಿಂದೆ ಇಲ್ಲ, ಮುಂದೆಯೂ ಇಲ್ಲ.

ಪರದೆಯಿಂದ ಕಣ್ಣು ಕೀಳದೆ ಕೇಳಿದಳು: “ಏನು ಅನ್ಸುತ್ತೆ ನಿಮಗೆ?”

ರಸ್ತೆಯಲ್ಲಿ ಭಾರದ ಗಾಡಿಗಳು ಓಡಾಡುತ್ತವೆ. ಅವುಗಳ ಸದ್ದೂ ನೆಲ ಹಿಡಿದು ಬರಬಹುದು. ಬಾರದೆಯೂ ಇರಬಹುದು. ನನಗೆ ಅದರ ವಿದ್ಯೆ ಗೊತ್ತಿಲ್ಲ. ಗೊತ್ತಿರುವವಳು ಅವಳು, ಕೇಳುತ್ತಿರುವವಳೂ ಅವಳೇ.

“ಲಾರಿ,” ಅಂದೆ.

ಅವಳು ಹೌದೆನ್ನುವಂತೆ ತಲೆಯಾಡಿಸಿದಳು. ಕತ್ತರಿಯನ್ನು ಮತ್ತೆ ಹಾಕಿದಳು. ಆ ಅಧ್ಯಾಯ ಹಾಗೆಯೇ ಹೋಯಿತು. ನೀವು ಕೇಳಿದರೆ ಒಬ್ಬ ಹೆಂಗಸು ಛತ್ರಿ ಮಡಿಸುವುದು ಬಹಳ ಚೆನ್ನಾಗಿ ಬಂದಿದೆ.

೧೧

ಇಷ್ಟನ್ನೂ ನಿನ್ನೆ ಅವಳಿಗೆ ಕಳಿಸಿದೆ. ಕೊನೆಯ ಪ್ಯಾರಾ ಇನ್ನೂ ಬರೆದಿಲ್ಲ, ಏನು ಬರೆಯಲಿ ಎಂದೂ ಕೇಳಿದೆ. ಇವತ್ತು ಬೆಳಗ್ಗೆ ಫೋನ್ ಮಾಡಿದಳು. ಹಿಂದೆ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹೊಸಬರು, ಓದಲು ಬಂದವರು.

“ಪೂರ್ತಿ ಓದಿದೆ,” ಅಂದಳು. “ಒಂದು ಮಾತು. ನೀವು ಲಾರಿ ಅಂದ್ರಲ್ಲ, ಅದನ್ನ ನಾನು ನಂಬಲಿಲ್ಲ.”

ನಾನು ಕರಡಿನಲ್ಲಿ ಆ ಸಾಲನ್ನು ಹುಡುಕತೊಡಗಿದೆ.

“ಆದ್ರೂ ತೆಗೀಬೇಡಿ ಸರ್. ಅದೊಂದು ಇರಲಿ.”

ತೆಗೆದಿಲ್ಲ. ಕೊನೆಯ ಪ್ಯಾರಾ ಬರೆಯಲು ಕೂತಿದ್ದೇನೆ. ವಾಕ್ಯವನ್ನು ಮುಗಿಸದೆ ಬಿಡುವುದನ್ನು ಆ ಡಾಕ್ಟರರಿಂದ ಕಲಿತಿದ್ದೇನೆ. ಬರೆದಾದ ಮೇಲೆ…